ಕೊಂಡಿ ಸಾಬಮ್ಮನ ಕೂಗು

ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ನಮ್ಮ ಹೊಳೆಗೆ ಒಂದೂ ಸೇತುವೆ ಇಲ್ಲದ ಕಾಲದಲ್ಲಿ, ಒಂದು ಊರಿತ್ತು. ಅರ್ಧ ಊರು ದಂಡೆಯ ಮೇಲೆ, ಇನ್ನರ್ಧ ಹೊಳೆಯ ಒಳಗೆ. ಹೊಳೆಯ ನಡುವೆ ಒಂದಾದ ಮೇಲೆ ಒಂದು, ಒಂಬತ್ತು ಗಡ್ಡಿಗಳು. ನೀವು ಪುಸ್ತಕದಲ್ಲಿ ನಡುಗಡ್ಡೆ ಅಂತ ಓದುತ್ತೀರಿ, ನಮ್ಮ ಬಾಯಲ್ಲಿ ಅದು ಗಡ್ಡಿ. ದಂಡೆಯಲ್ಲಿ ನಿಂತು ಕೂಗಿದರೆ ಮೊದಲನೆಯ ಗಡ್ಡಿಗೆ ಕೇಳುತ್ತಿತ್ತು. ಮೊದಲನೆಯದರಿಂದ ಕೂಗಿದರೆ ಎರಡನೆಯದಕ್ಕೆ. ಅದರಾಚೆ ಯಾರ ಗಂಟಲೂ ಮುಟ್ಟುತ್ತಿರಲಿಲ್ಲ. ಮಳೆಗಾಲದಲ್ಲಿ ಹೊಳೆಯ ಮೇಲೆ ಬಿಳಿ ಮಬ್ಬು ಕೂತರೆ ಗಡ್ಡಿಗಳು ನೀರಿನ ಮೇಲಿವೆಯೋ ಮೋಡದ ಮೇಲಿವೆಯೋ ತಿಳಿಯುತ್ತಿರಲಿಲ್ಲವಂತೆ. ಧ್ವನಿ ಮಾತ್ರ ಬರುತ್ತಿತ್ತಂತೆ, ಮಂದಿ ಕಾಣುತ್ತಿರಲಿಲ್ಲವಂತೆ.

ನಗಬೇಡಿರವ್ವಾ. ಮೊನ್ನೆ ನಮ್ಮ ಮೊಮ್ಮಗಳು ಪಾಲಿಟೆಕ್ನಿಕ್‌ನಿಂದ ಬಂದವಳೇ, ಅಜ್ಜಾ, ಇವತ್ತು ಲಿಂಕ್ಡ್ ಲಿಸ್ಟ್ ಕಲಿಸಿದರು, ತಲೆ ಕೆಟ್ಟುಹೋಯಿತು ಅಂದಳು. ಏನದು ಅಂತ ಕೇಳಿದೆ. ಅದು ಕೊಂಡಿಗಳ ಸಾಲಂತೆ. ಒಂದೊಂದು ಕೊಂಡಿಯಲ್ಲೂ ಎರಡೇ ಎರಡು: ತನ್ನದೊಂದು ಬೆಲೆ, ತನ್ನ ಮುಂದಿನದು ಯಾವುದು ಅನ್ನುವ ಗುರುತು. ಕಡೆಯ ಕೊಂಡಿಯ ಮುಂದೆ ಖಾಲಿ. ಇವಳು ಕಲಿಯುವ ಕಂಪ್ಯೂಟರ್ ಭಾಷೆಯಲ್ಲಿ ಒಮ್ಮೆ ಕಟ್ಟಿದ್ದನ್ನು ತಿದ್ದುವಂತಿಲ್ಲವಂತೆ, ಬೇರೆ ಬೇಕಾದರೆ ಬೇರೆ ಕಟ್ಟಿಕೋ ಅನ್ನುತ್ತದಂತೆ. ಅದರಲ್ಲಿ ತಲೆ ಕೆಡುವಂಥದ್ದೇನಿದೆ, ಅದು ನಮ್ಮ ಸಾಬಮ್ಮನ ಕೂಗು ಅಂದೆ. ಅಷ್ಟು ಅಂದಿದ್ದೇ ತಪ್ಪಾಯಿತು, ಇವತ್ತು ಗೆಳತಿಯರ ದಂಡನ್ನೇ ಕರೆತಂದು ನನ್ನ ಮುಂದೆ ಕೂರಿಸಿದ್ದಾಳೆ. ಕೂತಿರಲ್ಲ, ಕೇಳಿ. ನಡುವೆ ಯಾರಾದರೂ ಫೋನ್ ನೋಡಿದರೆ ಕತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಹೇಳಿದ್ದೇನೆ.

ಆಗಿನ ಕಾಲದಲ್ಲಿ ಹೊಳೆ ಏರಿದರೆ ಗಡ್ಡಿಯ ಮಂದಿಯನ್ನು ದಂಡೆಗೆ ತರಿಸುವ ಕೆಲಸ ತಳವಾರ ದುರುಗಪ್ಪನದು. ಯಾವ ಗಡ್ಡಿಯಲ್ಲಿ ಯಾರ ಮನೆ, ಎಷ್ಟು ಮಂದಿ, ಎಲ್ಲ ಅವನೊಬ್ಬನ ತಲೆಯಲ್ಲಿತ್ತು. ಎಲ್ಲವೂ ಒಂದೇ ತಲೆಯಲ್ಲಿದ್ದರೆ ಏನಾಗುತ್ತದೆ? ಒಂದು ವರ್ಷ ಹೊಳೆ ಸಿಟ್ಟಿನಲ್ಲಿ ಬಂತು, ದುರುಗಪ್ಪನ ಹರಿಗೋಲು ಸುಳಿಗೆ ಸಿಕ್ಕಿತು. ಹರಿಗೋಲು ಗೊತ್ತಲ್ಲ, ಬುಟ್ಟಿಯಂಥ ದುಂಡನೆಯ ದೋಣಿ. ದುರುಗಪ್ಪ ಹೋದ. ಅವನ ತಲೆಯಲ್ಲಿದ್ದ ಪಟ್ಟಿಯೂ ಅವನ ಜೊತೆ ಹೋಯಿತು.

ದಂಡೆಯವರು ನೆನಪಾದ ಗಡ್ಡಿಗಳಿಗೆಲ್ಲ ಹರಿಗೋಲು ಬಿಟ್ಟರು. ಎಂಟು ಗಡ್ಡಿ ನೆನಪಾದವು. ಕೆಟ್ಟ ಮನಸ್ಸೇನೂ ಅಲ್ಲ, ಎಂಟನ್ನು ಎಣಿಸಿ ಎಲ್ಲ ಮುಗಿಯಿತು ಅಂದುಕೊಂಡರು. ನಾಲ್ಕನೆಯ ದಿನ ಯಾರೋ ರೊಟ್ಟಿ ಮುರಿಯುತ್ತಿದ್ದವರು ಕೈ ಹಾಗೇ ನಿಲ್ಲಿಸಿ, ಕಡೇಗಡ್ಡಿಯವರು ಎಲ್ಲಿ ಅಂದರಂತೆ. ಓಡಿಹೋಗಿ ನೋಡಿದರೆ ಗಡ್ಡಿಯ ಮೇಲೆ ಒಂದು ಜಾಲಿಮರದ ತುದಿ ಮಾತ್ರ ನೀರಿಂದ ಮೇಲಿತ್ತು. ಅದರಲ್ಲಿ ಒಂಬತ್ತು ವರ್ಷದ ಹುಡುಗಿ ಕೂತಿದ್ದಳು. ಅದೇ ಟೊಂಗೆಯ ಆ ತುದಿಗೆ ಒಂದು ಹಾವೂ ಸುತ್ತಿಕೊಂಡಿತ್ತು. ಮೂರು ದಿನ ಹುಡುಗಿ ಹಾವನ್ನು ಏನೂ ಮಾಡಲಿಲ್ಲ, ಹಾವು ಹುಡುಗಿಯನ್ನು ಏನೂ ಮಾಡಲಿಲ್ಲ ಅಂತಾರೆ. ಅವಳ ತಾಯಿಯೂ ತೊಟ್ಟಿಲಲ್ಲಿದ್ದ ತಮ್ಮನೂ ಎರಡನೆಯ ದಿನವೇ ಹೋಗಿದ್ದರು.

ಆ ಹುಡುಗಿಯೇ ಸಾಬಮ್ಮ. ದಂಡೆಗೆ ತಂದು ಬೆಚ್ಚಗೆ ಹೊದಿಸಿ ಗಂಜಿ ಕುಡಿಸಿದರು. ಅವಳು ಅಳಲಿಲ್ಲವಂತೆ. ಸುತ್ತ ನಿಂತವರ ಮುಖ ಒಂದೊಂದಾಗಿ ನೋಡಿ, ಒಂದೇ ಮಾತು ಕೇಳಿದಳಂತೆ.

"ನಮ್ಮನ್ನ ಯಾರು ನೆನಸಬೇಕಿತ್ತು?"

ಊರಿಗೆ ಊರೇ ನಿಂತಿತ್ತು. ಈ ಮಾತು ಹೇಳುವಾಗ ನನ್ನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಗಂಡಸು, ಮೂಗು ಒರೆಸಿಕೊಂಡು ಮುಂದಕ್ಕೆ ಹೋಗುತ್ತೇನೆ.

ಸಾಬಮ್ಮ ಅಂಬಿಗರ ಮನೆಯಲ್ಲಿ ಬೆಳೆದಳು, ಹುಟ್ಟು ಹಿಡಿದಳು, ಊರಿನ ಗಂಡಸರಿಗಿಂತ ಚೆನ್ನಾಗಿ ಹರಿಗೋಲು ನಡೆಸಿದಳು. ಅವಳಿಗೆ ಕೊಂಡಿಯ ವಿದ್ಯೆ ಎಲ್ಲಿಂದ ಬಂತು ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಲೆಯ ಗಂಟು ನೋಡಿ ಬಂತು ಅಂತಾರೆ. ಇರುವೆ ಸಾಲು ನೋಡಿ ಬಂತು ಅಂತಾರೆ. ಒಂದು ಮಧ್ಯಾಹ್ನ ಹರಿಗೋಲಲ್ಲೇ ಕಣ್ಣು ಮುಚ್ಚಿದ್ದಳು, ಹರಿಗೋಲು ಮೆಲ್ಲಗೆ ತಿರುಗುತ್ತ ತಿರುಗುತ್ತ ಒಂಬತ್ತು ಗಡ್ಡಿಗಳನ್ನು ತಾನೇ ಮುಟ್ಟಿಕೊಂಡು ಹೋಯಿತು, ಅವಳು ಎದ್ದಾಗ ವಿದ್ಯೆ ಕೈಯಲ್ಲಿತ್ತು ಅಂತಲೂ ಅಂತಾರೆ. ನನಗೆ ಈ ಮೂರನೆಯದೇ ಇಷ್ಟ.

ಒಂದು ಬೇಸಿಗೆಯಲ್ಲಿ ನೀರು ತೆಳ್ಳಗಾದಾಗ ಅವಳು ಪುಂಡಿನಾರಿನ ಹೊರೆ ಹೊತ್ತು ಹೊರಟಳು. ಎಲ್ಲರೂ ದಂಡೆಯಿಂದ ಶುರು ಮಾಡುತ್ತಾಳೆ ಅಂದುಕೊಂಡರು. ಅವಳು ನೇರ ಕಡೇಗಡ್ಡಿಗೆ ಹೋದಳು. ತುದಿಯಿಂದ ಯಾಕೆ ಶುರು ಅಂತ ಕೇಳಿದ್ದಕ್ಕೆ, ಇದರಾಚೆ ಏನಿದೆ ಅನ್ನುವುದೊಂದು ಖಾತ್ರಿಯಾಗಿ ಗೊತ್ತು, ಬರೇ ನೀರು, ಗೊತ್ತಿರುವುದರಿಂದಲೇ ಕಟ್ಟಬೇಕು ಅಂದಳಂತೆ. ನಾರು ಹೊಸೆದು ಒಂದು ಕೊಂಡಿ ಮಾಡಿದಳು. ಕೊಂಡಿಗೆ ಆ ಗಡ್ಡಿಯ ಗುರುತು ಕೊರೆದ ಕಟ್ಟಿಗೆಯ ಬಿಲ್ಲೆ ಕಟ್ಟಿದಳು. ಕೊಂಡಿಗೊಂದು ಬಾಲ ಇಳಿಬಿಟ್ಟಳು. ಬಾಲದಲ್ಲಿ ಮುಂದಿನ ಗಡ್ಡಿಯ ಬಿಲ್ಲೆ ಇರಬೇಕು. ಕಡೇಗಡ್ಡಿಗೆ ಮುಂದಿಲ್ಲ, ಅದಕ್ಕೆ ಅದರ ಬಾಲ ಬರಿದು, ಹೊಳೆ ನೀರಲ್ಲಿ ಅದ್ದಿ ಒಂದು ಗಂಟು. ಆಮೇಲೆ ಎಂಟನೆಯದಕ್ಕೆ ಬಂದಳು, ಅದರ ಬಾಲಕ್ಕೆ ಕಡೇಗಡ್ಡಿಯ ಬಿಲ್ಲೆ. ಏಳನೆಯದಕ್ಕೆ ಬಂದಳು, ಅದರ ಬಾಲಕ್ಕೆ ಎಂಟನೆಯದರ ಬಿಲ್ಲೆ. ಹೀಗೆ ಹಿಂದಿಂದ ಮುಂದಕ್ಕೆ ಕಟ್ಟುತ್ತ ದಂಡೆಗೆ ಬಂದಳು. ಎಲ್ಲಕ್ಕೂ ಕಾವಿ ಬಣ್ಣ ಹಾಕಿ ಬಾಗಿಲ ಮೇಲೆ ತೂಗುಹಾಕಿಸಿದಳು.

ಪ್ರತಿ ಮನೆಗೂ ಒಂದೇ ಮಾತು ಹೇಳಿದಳು. ನಿಮ್ಮನ್ನು ನೀವು ನೆನಪಿಟ್ಟುಕೊಳ್ಳಿ, ನಿಮ್ಮ ಮುಂದಿನವರನ್ನು ನೆನಪಿಟ್ಟುಕೊಳ್ಳಿ, ಮೂರನೆಯದು ನಿಮಗೆ ಬೇಡ.

ಕೂಗು ಹೀಗೆ ನಡೆಯುತ್ತಿತ್ತಂತೆ. ಹೊಳೆ ಏರಿದ ಬೆಳಗ್ಗೆ ದಂಡೆಯವರು ಮೊದಲನೆಯ ಗಡ್ಡಿಗೆ ಕೂಗಿ, ನಿಮ್ಮಿಂದ ಆಚೆಗೆಲ್ಲ ಎಷ್ಟು ಮಂದಿ ಅಂತ ಕೇಳುತ್ತಿದ್ದರು. ಮೊದಲನೆಯದು ಉತ್ತರ ಕೊಡುತ್ತಿರಲಿಲ್ಲ, ಅದೇ ಪ್ರಶ್ನೆಯನ್ನು ಎರಡನೆಯದಕ್ಕೆ ಕೇಳುತ್ತಿತ್ತು. ಎರಡನೆಯದು ಮೂರನೆಯದಕ್ಕೆ. ಪ್ರಶ್ನೆ ಮಬ್ಬಿನೊಳಗೆ ಇಳಿದು ಇಳಿದು ಹೋಗುತ್ತಿತ್ತು, ಕೇಳಿದವರೆಲ್ಲ ಬಾಯಿ ಮುಚ್ಚಿ ಕಾಯುತ್ತಿದ್ದರು. ಕಡೇಗಡ್ಡಿಗೆ ಮುಟ್ಟಿದಾಗ ಅಲ್ಲಿಂದ, ಆಚೆ ಬರೇ ನೀರು, ನಾವು ಇಬ್ಬರು ಅಂತ ಬರುತ್ತಿತ್ತು. ಎಂಟನೆಯದು, ಆಚೆ ಇಬ್ಬರು, ನಾವು ಏಳು, ಒಂಬತ್ತು ಅನ್ನುತ್ತಿತ್ತು. ಏಳನೆಯದು ಒಂಬತ್ತಕ್ಕೆ ತನ್ನದನ್ನು ಸೇರಿಸುತ್ತಿತ್ತು. ಉತ್ತರ ಏರುತ್ತ ಏರುತ್ತ, ದಪ್ಪವಾಗುತ್ತ, ದಂಡೆಗೆ ಬಂದು ಮುಟ್ಟುತ್ತಿತ್ತು. ಒಂದು ಹರಿಗೋಲಿಗೆ ಹತ್ತು ಮಂದಿ. ಬಂದ ಸಂಖ್ಯೆ ನೋಡಿ ಅಷ್ಟು ಹರಿಗೋಲು ಬಿಡುತ್ತಿದ್ದರು. ಊರೆಲ್ಲ ಯಾರ ತಲೆಯಲ್ಲೂ ಇರಲಿಲ್ಲ, ಆದರೆ ಒಬ್ಬರೂ ಬಿಟ್ಟುಹೋಗುತ್ತಿರಲಿಲ್ಲ. ಮಂದಿಯನ್ನೇ ಕೇಳಬೇಕೆಂದೇನಿರಲಿಲ್ಲ. ಎಷ್ಟು ಚೀಲ ಜೋಳ ಉಳಿದಿದೆ, ಎಷ್ಟು ಮಂದಿಗೆ ಜ್ವರ, ಏನು ಬೇಕಾದರೂ ಅದೇ ಹಾದಿಯಲ್ಲಿ ಹೋಗಿ ಅದೇ ಹಾದಿಯಲ್ಲಿ ಬರುತ್ತಿತ್ತು.

ಹೊಸದಾಗಿ ಯಾರಾದರೂ ದಂಡೆಯ ಹತ್ತಿರದ ಮರಳದಿಬ್ಬದಲ್ಲಿ ಗುಡಿಸಲು ಹಾಕಿದರೆ ಕೆಲಸ ಬಹಳ ಸುಲಭ. ಅವರು ಎಲ್ಲರಿಗಿಂತ ಮುಂದೆ ಬಂದು ನಿಲ್ಲಬೇಕು, ಹಳೆಯ ಮೊದಲನೆಯವರನ್ನು ತಮ್ಮ ಬಾಲಕ್ಕೆ ಕಟ್ಟಿಕೊಳ್ಳಬೇಕು, ಮುಗಿಯಿತು. ಉಳಿದವರಿಗೆ ಸುದ್ದಿಯೂ ಬೇಡ.

ನಡುವೆ ಸೇರಿಸುವುದೇ ಕಷ್ಟ. ಒಮ್ಮೆ ಮೂರನೆಯ ಮತ್ತು ನಾಲ್ಕನೆಯ ಗಡ್ಡಿಯ ನಡುವೆ ಹೊಳೆ ಮಣ್ಣು ತಂದು ಹಾಕಿ ಹೊಸ ಗಡ್ಡಿ ಎದ್ದಿತು, ಕುರಿಯವರು ಬಂದು ಕೂತರು. ಮೂರನೆಯ ಗಡ್ಡಿಯ ಕೊಂಡಿ ಬಿಚ್ಚಿ ಬಿಲ್ಲೆ ಬದಲಿಸು ಅಂತ ಎಲ್ಲರೂ ಹೇಳಿದರು. ಸಾಬಮ್ಮ ಒಪ್ಪಲಿಲ್ಲ. ಕುರಿಯವರಿಗೆ ಹೊಸ ಕೊಂಡಿ ಹೊಸೆದು, ಅದರ ಬಾಲಕ್ಕೆ ಮೊದಲು ನಾಲ್ಕನೆಯದನ್ನು ಕಟ್ಟಿದಳು. ಆಮೇಲೆ ಮೂರು, ಎರಡು, ಒಂದನೆಯ ಗಡ್ಡಿಗಳಿಗೂ ಹೊಸ ಕೊಂಡಿ ಮಾಡಿ ಅರಿಶಿನ ಬಣ್ಣ ಹಾಕಿದಳು. ನಾಲ್ಕರಿಂದಾಚೆಯವರನ್ನು ಮುಟ್ಟಲೇ ಇಲ್ಲ, ಕಾವಿಯ ಕೂಗಿಗೂ ಅರಿಶಿನದ ಕೂಗಿಗೂ ಅವರೇ. ಹಳೆಯ ಕಾವಿ ಕೊಂಡಿಗಳನ್ನೂ ಬಿಸಾಡಗೊಡಲಿಲ್ಲ, ಪಕ್ಕದಲ್ಲೇ ತೂಗುಹಾಕಿಸಿದಳು. ಇಷ್ಟೆಲ್ಲ ಯಾಕೆ, ನಾರು ದಂಡ ಅಂತ ಮಂದಿ ಗೊಣಗಿದರು. ಮುಂದಿನ ಮಳೆಗಾಲದಲ್ಲಿ ಹೊಳೆ ತಾನು ತಂದ ಮಣ್ಣನ್ನು ತಾನೇ ಒಯ್ದಿತು, ಕುರಿಯವರು ಮೊದಲೇ ಎದ್ದು ಹೋಗಿದ್ದರು. ಆವತ್ತು ಯಾರೂ ಪರದಾಡಲಿಲ್ಲ. ಕಾವಿ ಕೂಗು ಅಂತ ದಂಡೆಯವರು ಅಂದರು, ಹಳೆಯ ಸಾಲು ಹಾಗೇ ಇತ್ತು, ಕೂಗು ನಡೆಯಿತು. ಗೊಣಗಿದವರು ತಮ್ಮ ತಮ್ಮ ಎಲೆಯಡಿಕೆ ಚೀಲ ತಡಕಾಡಿಕೊಂಡರು.

ಹೀಗೆ ಬಹಳ ವರ್ಷ ನಡೆಯಿತು. ಸಾಬಮ್ಮನ ಕೂದಲು ಬೆಳ್ಳಗಾಯಿತು. ಕಡೇಗಡ್ಡಿಯಲ್ಲಿದ್ದ ಇಬ್ಬರು ಮುದುಕರು ತೀರಿಕೊಂಡ ಮೇಲೆ ಅಲ್ಲಿ ಇರಲು ಯಾರೂ ಒಪ್ಪಲಿಲ್ಲ, ಅದು ಎಲ್ಲಕ್ಕಿಂತ ತಗ್ಗಿನ ಗಡ್ಡಿ. ಸಾಬಮ್ಮ ತಾನೇ ಹೋಗಿ ಇದ್ದಳು. ಅದೇ ಜಾಲಿಮರದ ಬುಡದಲ್ಲಿ ಗುಡಿಸಲು. ಬರೇ ನೀರು ಅನ್ನುವುದಕ್ಕೂ ಒಂದು ಬಾಯಿ ಬೇಕಲ್ಲ ಅಂತ ನಗುತ್ತಿದ್ದಳಂತೆ.

ಆಗ ಬಂದವನು ಅಮರೇಗೌಡ. ಐದನೆಯದು ಹುಣಸಿಗಡ್ಡಿ, ಆರನೆಯದು ಜಾಲಿಗಡ್ಡಿ. ಅವೆರಡರ ನಡುವೆ ಕಪ್ಪು ಮಣ್ಣಿನ ಒಂದು ಗಡ್ಡಿ ಎದ್ದಿತ್ತು, ಬಿತ್ತಿದರೆ ಬಂಗಾರ. ಗೌಡ ದಂಡೆಯಿಂದ ಎಂಟು ಮಂದಿಯ ಸಂಸಾರ ಕಟ್ಟಿಕೊಂಡು ಅಲ್ಲಿಗೆ ಬಂದ. ಕೆಟ್ಟವನಲ್ಲ, ಆದರೆ ಗೌಡಿಕೆ ಮೂಗಿನ ತುದಿಯಲ್ಲಿತ್ತು. ಸಾಬಮ್ಮ ನಿಯಮದ ಪ್ರಕಾರ ಹೇಳಿಕಳಿಸಿದಳು: ಗೌಡರಿಗೊಂದು ಕೊಂಡಿ, ಅದಕ್ಕೂ ಮೊದಲಿನ ಐದು ಗಡ್ಡಿಗಳಿಗೆ ಹೊಸ ಕೊಂಡಿ, ನಾರು ನೆನೆದು ಒಣಗುವವರೆಗೆ ಎಂಟು ದಿನ ತಡೆಯಬೇಕು. ಗೌಡನ ಆಳಿಗೆ ತಡೆಯುವ ತಾಳ್ಮೆ ಎಲ್ಲಿಂದ ಬರಬೇಕು? ಹುಣಸಿಗಡ್ಡಿಗೆ ಹೋದ, ಬಾಗಿಲ ಮೇಲಿನ ಕೊಂಡಿ ಬಿಚ್ಚಿದ, ಜಾಲಿಗಡ್ಡಿಯ ಬಿಲ್ಲೆ ಕಿತ್ತು ಹೊಳೆಗೆ ಒಗೆದ, ಗೌಡನ ಬಿಲ್ಲೆ ಕಟ್ಟಿದ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕೆಲಸ ಮುಗಿಯಿತು ಅಂತ ಮೀಸೆ ತಿರುವಿದ.

ಗೌಡನ ಮನೆಗೆ ಮುಂದಿನವರು ಯಾರು? ಆಳು ಕಟ್ಟಲಿಲ್ಲ. ಮರೆತು ಬಿಟ್ಟದ್ದಲ್ಲ. ಗೌಡರ ಮನೆಯ ಪದ್ಧತಿಯೇ ಹಾಗಿತ್ತು. ಮಂದಿ ಗೌಡರ ಬಾಗಿಲಿಗೆ ಬಂದು ಕೂಗುತ್ತಾರೆ, ಗೌಡರ ಮನೆಯವರು ಯಾರ ಬಾಗಿಲಿಗೂ ಕೂಗುವುದಿಲ್ಲ. ಕೂಗುವುದು ಆಳಿನ ಕೆಲಸ, ಆಳು ದಂಡೆಯಲ್ಲೇ ಮಲಗುತ್ತಿದ್ದ. ಮರ್ಯಾದೆ ಅನ್ನುವ ಒಂದು ಗಂಟು ಹಾಕಿ ನಾಲ್ಕು ಗಡ್ಡಿಗಳನ್ನು ಹೊಳೆಗೆ ಬಿಟ್ಟಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

ಮೂರೇ ದಿನಕ್ಕೆ ಹೊಳೆ ಬಂತು. ಆ ವರ್ಷದ ಮೊದಲ ಕೂಗು ಅದು. ಮಬ್ಬು ಎಷ್ಟು ದಟ್ಟವಾಗಿತ್ತೆಂದರೆ ತಾವು ಚಾಚಿದ ಕೈ ತಮಗೇ ಕಾಣುತ್ತಿರಲಿಲ್ಲವಂತೆ. ದಂಡೆಯಿಂದ ಪ್ರಶ್ನೆ ಹೊರಟಿತು. ಒಂದು, ಎರಡು, ಮೂರು, ನಾಲ್ಕು, ಹುಣಸಿಗಡ್ಡಿ. ಹುಣಸಿಗಡ್ಡಿಯವರು ಬಿಲ್ಲೆ ನೋಡಿ ಗೌಡನ ಮನೆಗೆ ಕೂಗಿದರು. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಮರ್ಯಾದೆಗೆ ಕುಂದಿಲ್ಲ, ಗೌಡ ಕೂತಲ್ಲಿಂದಲೇ, ನಾವು ಎಂಟು ಅಂತ ಗಟ್ಟಿಯಾಗಿ ಅಂದ. ಅಷ್ಟೇ. ಉತ್ತರ ಹಿಂದಿರುಗಿತು, ಐದು ಗಡ್ಡಿಗಳ ಇಪ್ಪತ್ತಾರು ಸೇರಿ ಮೂವತ್ತನಾಲ್ಕಾಗಿ ದಂಡೆ ಮುಟ್ಟಿತು. ಕಡಿಮೆಯಾಯಿತಲ್ಲ ಅಂತ ಒಂದಿಬ್ಬರಿಗೆ ಅನಿಸಿತು. ಹಲವರು ಮಳೆಗೆ ಮುಂಚೆಯೇ ನಂಟರ ಊರಿಗೆ ಹೋಗಿರಬಹುದು ಅಂತ ತಾವೇ ಸಮಾಧಾನ ಹೇಳಿಕೊಂಡರು. ನಾಲ್ಕು ಹರಿಗೋಲು ಬಿಟ್ಟರು. ಉಳಿದವು ದಂಡೆಯಲ್ಲಿ ಬೋರಲಾಗಿ ಬಿದ್ದಿದ್ದವು.

ಅತ್ತ ಕಡೇಗಡ್ಡಿಯಲ್ಲಿ ಸಾಬಮ್ಮ ಕೂಗಿಗೆ ಕಾಯುತ್ತಿದ್ದಳು. ಅವಳ ಹರಿಗೋಲನ್ನು ನಸುಕಿನ ನೀರೇ ಒಯ್ದಿತ್ತು. ನೀರು ಅಂಗಳಕ್ಕೆ ಬಂತು, ಕೂಗು ಬರಲಿಲ್ಲ. ಹೊಸ್ತಿಲಿಗೆ ಬಂತು, ಕೂಗು ಬರಲಿಲ್ಲ. ಅವಳಿಗೆ ತಿಳಿಯಿತು. ಕೇಳದೆ ಉತ್ತರ ಕೊಡುವ ಪದ್ಧತಿ ಇರಲಿಲ್ಲ, ಅದು ಅವಳೇ ಹಾಕಿದ ಪದ್ಧತಿ. ಜಾಲಿಮರ ಹತ್ತಿದಳು, ಇದ್ದ ಉಸಿರೆಲ್ಲ ಕೂಡಿಸಿ ಕೂಗಿದಳು.

"ಆಚಿ ಬರೇ ನೀರು! ನಾವು ಒಬ್ರು!"

ಎಂಟನೆಯ ಗಡ್ಡಿಯವರು ಗಾಬರಿಯಾದರು. ನಾವು ಕೇಳಲೇ ಇಲ್ಲವಲ್ಲ, ಉತ್ತರ ಯಾಕೆ ಬಂತು? ಆದರೆ ಉತ್ತರ ಬಂದರೆ ತಮ್ಮದನ್ನು ಸೇರಿಸಿ ಮೇಲಕ್ಕೆ ಕಳಿಸುವುದು ಅವರಿಗೆ ರಕ್ತದಲ್ಲಿ ಬಂದಿತ್ತು. ಆಚೆ ಒಬ್ಬರು, ನಾವು ಏಳು, ಎಂಟು. ಏಳನೆಯವರು, ಆಚೆ ಎಂಟು, ನಾವು ಒಂಬತ್ತು, ಹದಿನೇಳು. ಜಾಲಿಗಡ್ಡಿಯವರು, ಆಚೆ ಹದಿನೇಳು, ನಾವು ಐದು, ಇಪ್ಪತ್ತೆರಡು ಅಂತ ಹುಣಸಿಗಡ್ಡಿಯ ಕಡೆಗೆ ಕೂಗಿದರು. ಹೊಳೆಯ ಮೊರೆತದಲ್ಲಿ ಆ ದನಿ ಹುಣಸಿಗಡ್ಡಿಗೆ ಮುಟ್ಟಲಿಲ್ಲ. ನಡುವೆ ಗೌಡನ ಮನೆಗೆ ಮುಟ್ಟಿತು.

ಗೌಡನ ಮನೆಯವರು ಗಂಟುಮೂಟೆ ಕಟ್ಟಿ ಹರಿಗೋಲಿಗೆ ಕಾಯುತ್ತಿದ್ದರು. ಎಲ್ಲರಿಗೂ ಕೇಳಿಸಿತು. ಇಪ್ಪತ್ತೆರಡು, ಇಪ್ಪತ್ತೆರಡು ಅಂತ ಮಬ್ಬಿನೊಳಗಿಂದ ಮತ್ತೆ ಮತ್ತೆ ಬರುತ್ತಿತ್ತು. ಗೌಡ ಮುಖ ತಗ್ಗಿಸಿ ನಿಂತ. ಆಳು ಇಲ್ಲ, ಕೂಗುವವರು ಯಾರು? ಏಳು ತಲೆಮಾರಿನ ಮರ್ಯಾದೆ ಅಡ್ಡ ನಿಂತಿತ್ತು ಅಂತಾರೆ, ನಾನಾದರೆ ಮೊಂಡುತನ ಅಂತೀನಿ.

ಆ ಮನೆಯ ಸೊಸೆ ನಿಂಬೆಮ್ಮ. ಬಂದು ಆರು ತಿಂಗಳಾಗಿತ್ತು, ಅವಳ ದನಿ ಹೇಗಿದೆ ಅಂತ ಮಾವನಿಗೆ ಗೊತ್ತೇ ಇರಲಿಲ್ಲ. ಅವಳು ತಲೆಯ ಮೇಲಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಡ್ಡಿಯ ತುದಿಗೆ ಓಡಿದಳು. ಮಾವ ತಡೆಯಲಿಲ್ಲ, ತಡೆಯುವಷ್ಟರಲ್ಲಿ ಆಗಿಹೋಗಿತ್ತು.

"ಹುಣಸಿಗಡ್ಡ್ಯೋರಾ! ಆಚಿ ಇಪ್ಪತ್ತೆರಡು ಮಂದಿ ಅದಾರ್ರೀ! ನಾವು ಎಂಟು! ಮೂವತ್ತೇ... ಮೂವತ್ತು ಮಂದಿ!"

ಆ ದನಿ ಕಂಚಿನ ಹಾಗಿತ್ತಂತೆ. ಹುಣಸಿಗಡ್ಡಿ ಹಿಡಿಯಿತು, ನಾಲ್ಕು ಹಿಡಿಯಿತು, ದಂಡೆಗೆ ಐವತ್ತಾರು ಅಂತ ಮುಟ್ಟಿತು. ಬೋರಲು ಬಿದ್ದಿದ್ದ ಹರಿಗೋಲುಗಳನ್ನು ದಂಡೆಯವರು ಮಗುಚಿ ನೀರಿಗೆ ತಳ್ಳಿದರಂತೆ.

ಹರಿಗೋಲು ಹೊರಟಿತು ಅನ್ನುವ ಸುದ್ದಿಯೂ ಅದೇ ಹಾದಿಯಲ್ಲಿ ಇಳಿಯಿತು. ಈ ಸಲ ನಿಂಬೆಮ್ಮ ಜಾಲಿಗಡ್ಡಿಗೆ ಕೂಗಿದಳು, ಜಾಲಿಗಡ್ಡಿಯವರು ಏಳಕ್ಕೆ, ಏಳು ಎಂಟಕ್ಕೆ. ಅಲ್ಲಿಯವರೆಗೂ ಕಡೇಗಡ್ಡಿಯಿಂದ ಆ ಒಂದೇ ಮಾತು ಬರುತ್ತಿತ್ತಂತೆ, ನಾವು ಒಬ್ಬರು, ನಾವು ಒಬ್ಬರು. ಎಂಟನೆಯವರು ತಿರುಗಿ, ಬಂದರವ್ವೋ ಸಾಬಮ್ಮಾ, ಬಂದರು ಅಂತ ಕೂಗಿದರು.

ಉತ್ತರ ಬರಲಿಲ್ಲ.

ಇಪ್ಪತ್ತೊಂದು ಮಂದಿಯನ್ನು ಹತ್ತಿಸಿಕೊಂಡು ಹರಿಗೋಲುಗಳು ತಿರುಗಿದವು. ಒಂದು ಮಾತ್ರ ಸಂಜೆಯವರೆಗೆ ಕಡೇಗಡ್ಡಿಯ ಜಾಗದಲ್ಲಿ ಸುತ್ತಿತು. ಜಾಲಿಮರದ ತುದಿಯೂ ಇರಲಿಲ್ಲ. ಅವಳು ಹೊಳೆಯೊಳಗೆ ಇನ್ನೂ ಆಚೆ ಒಂದು ಗಡ್ಡಿ ಕಂಡು ಅಲ್ಲಿಗೆ ಹೋದಳು ಅಂತಾರೆ. ಹಾವೊಂದು ದಾರಿ ತೋರಿಸಿತು ಅಂತಲೂ ಅಂತಾರೆ. ನನಗೆ ಗೊತ್ತಿಲ್ಲವ್ವಾ. ಮುಳುಗಿದಳು ಅಂತ ಹೇಳಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ಅಮರೇಗೌಡ ತಾನೇ ಪುಂಡಿನಾರು ನೆನೆಹಾಕಿ, ಕೂತು, ತನ್ನ ಮನೆಗೂ ಮೊದಲಿನ ಐದೂ ಗಡ್ಡಿಗೂ ಹೊಸ ಕೊಂಡಿ ಹೊಸೆದನಂತೆ. ಇವತ್ತಿಗೂ ಆ ಮನೆತನಕ್ಕೆ ಸೊಸೆ ಬಂದರೆ, ಮನೆಯೊಳಗೆ ಕಾಲಿಡುವ ಮುಂಚೆ ಗಡ್ಡಿಯ ತುದಿಗೆ ಕರೆದೊಯ್ದು ಮುಂದಿನ ಗಡ್ಡಿಗೆ ಕೂಗಿಸುತ್ತಾರೆ. ಮೆಲ್ಲಗೆ ಕೂಗಿದರೆ ಅತ್ತೆ ಒಪ್ಪುವುದಿಲ್ಲ.

ಕಡೇಗಡ್ಡಿಯಲ್ಲಿ ಈಗ ಯಾರೂ ಇಲ್ಲ. ಸಾಲು ಎಂಟನೆಯದಕ್ಕೆ ಮುಗಿಯುತ್ತದೆ. ಅಲ್ಲಿಂದ ಬರೇ ನೀರು ಅಂತ ಬರಬೇಕಲ್ಲವೇ? ಬರುವುದಿಲ್ಲ. ಆ ಮನೆಯವರು, ಆಚೆ ಒಬ್ಬರು, ನಾವು ಇಷ್ಟು ಅಂತಲೇ ಶುರು ಮಾಡುತ್ತಾರೆ. ಜನಗಣತಿಯವರು ಒಮ್ಮೆ ಮಳೆಗಾಲದಲ್ಲೇ ಬಂದಿದ್ದರು. ಮನೆ ಮನೆ ಸುತ್ತಿ ಐವತ್ತು ಅಂತ ಬರೆದುಕೊಂಡರು. ಕೂಗು ಐವತ್ತೊಂದು ಅಂದಿತು. ಮತ್ತೆ ಸುತ್ತಿದರು, ಮತ್ತೆ ಐವತ್ತೇ. ನಿಮ್ಮ ಕೂಗು ತಪ್ಪು ಅಂತ ಹೇಳಿ ಹೋದರು, ಅವರ ಪುಸ್ತಕದಲ್ಲಿ ಹಾಗೇ ಇದೆ. ಆವತ್ತು ಹೊಳೆ ಏರಿತ್ತು. ಐವತ್ತಕ್ಕೆ ಐದು ಹರಿಗೋಲು ಸಾಕು. ದಂಡೆಯವರು ಐವತ್ತೊಂದಕ್ಕೆ ಆರು ಬಿಟ್ಟರು. ಆರನೆಯದು ಒಬ್ಬನೇ ಅಂಬಿಗನನ್ನು ಹೊತ್ತು ಎಂಟನೆಯ ಗಡ್ಡಿ ದಾಟಿ ಮಬ್ಬಿನೊಳಗೆ ಹೋಯಿತು, ಸ್ವಲ್ಪ ಹೊತ್ತು ನಿಂತು ಕಾದು, ಬರಿದೇ ತಿರುಗಿ ಬಂತು.